ಮಗಳಿಗೊಂದು ಪತ್ರ: ಕೊಟ್ಟ ಅಡಿಕೆ

ಪುಟ್ಟೀ,

ನಿನ್ನೆ ಫೋನಿನಲ್ಲಿ ಆದದ್ದನ್ನು ಅಲ್ಲಿಗೇ ಬಿಡು. ಅಸ್ಸಾಂ, ಮೇಘಾಲಯ, ನಾಗಾಲ್ಯಾಂಡ್ ಸುತ್ತೋಕೆ ಹೊರಟವಳು ಅಲ್ಲಿನವರ ಮನೆಗಳಲ್ಲೇ ಉಳಿಯುತ್ತೀನಿ ಅಂದಾಗ, 'ಯಾರದೋ ಮನೆಯಲ್ಲಿ ಉಳಿಯೋದಾ' ಅಂತ ನಾನು ಅಷ್ಟು ಕೂಗಬಾರದಿತ್ತು. ನಾಗಾಲ್ಯಾಂಡಿನೊಳಗೆ ಹೋಗೋಕೆ ಹೊರಗಿನವರಿಗೆ ಬೇಕಾದ ಇನ್ನರ್ ಲೈನ್ ಪರ್ಮಿಟ್ ಕೂಡ ನೀನೇ ಮಾಡಿಸಿಕೊಂಡೆಯಂತೆ, ಅಪ್ಪ ಹೇಳಿದರು. ಹೆಮ್ಮೆಯಾಯಿತು. ಅದರ ಎರಡು ಪ್ರಿಂಟ್ ಇಟ್ಟುಕೋ, ಗುಡ್ಡದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮೊಬೈಲ್ ನಂಬೋಕಾಗಲ್ಲ. ಅಸ್ಸಾಂ, ಮೇಘಾಲಯಕ್ಕೆ ಪರ್ಮಿಟ್ ಬೇಡ, ನಾಗಾಲ್ಯಾಂಡಿನ ದಿಮಾಪುರಕ್ಕೆ ಬೇಕು.

ನನ್ನ ಚಿಂತೆ ಅಡಿಕೆಯದು. ನಗಬೇಡ. ಅದಕ್ಕೆ ಅಸ್ಸಾಮಿನಲ್ಲಿ ತಾಮೂಲ್ ಅಂತಾರೆ, ಮೇಘಾಲಯದ ಖಾಸಿ ಜನರಲ್ಲಿ ಕ್ವಾಯ್. ಮನೆಗೆ ಬಂದವರಿಗೆ ಮೊದಲು ಕೊಡೋದೇ ಅದು. ತೀರಿಹೋದವರನ್ನು ಖಾಸಿಗಳು 'ದೇವರ ಮನೆಯಲ್ಲಿ ಕ್ವಾಯ್ ತಿನ್ನುತ್ತಿರುವವರು' ಅನ್ನುತ್ತಾರೆ. ಅಂಥದ್ದಕ್ಕೆ ಬೇಡ ಬೇಡ ಅಂತ ಕೈಯಾಡಿಸಿಬಿಡಬೇಡ. ಹಾಗಂತ ಬಾಯಿಗೂ ಹಾಕಿಕೊಂಡುಬಿಡಬೇಡ!

ಅದು ನಮ್ಮ ಕೆಂಪಡಿಕೆಯಲ್ಲ. ನಾವು ಬೇಯಿಸುವಾಗ ಚೊಗರು ಎಷ್ಟೋ ನೀರಿಗಿಳಿದಿರುತ್ತೆ. ಅಲ್ಲಿ ಕೊಡೋದು ಹಸಿಯದು, ಇಲ್ಲವೇ ತಿಂಗಳುಗಟ್ಟಲೆ ಕೊಳೆಹಾಕಿದ್ದು. ನಮ್ಮ ನೀರಡಿಕೆಯ ನಾತವೇ ನೆನಪಾಗುತ್ತೆ. ಜೊತೆಗೆ ಸುಣ್ಣ ಬಳಿದ ಎಲೆ. ಅಭ್ಯಾಸವಿಲ್ಲದವರಿಗೆ ನಾಲ್ಕೇ ಅಗಿತಕ್ಕೆ ಕಿವಿ ಬಿಸಿಯಾಗಿ, ಹಣೆ ಬೆವರಿ, ಎದೆ ಡವಡವ. ಅಡಿಕೆ ಸೊಕ್ಕೋದು ಅಂದರೆ ಅದೇ.

ಬಲಗೈಯಲ್ಲಿ ತಗೋ, ಎಡಗೈ ಬಲ ಮೊಣಕೈಗೆ ಆನಿಸು. 'ಖುಬ್ಲೇಯ್' ಅನ್ನು, ಖಾಸಿಗಳಲ್ಲಿ ನಮಸ್ಕಾರಕ್ಕೂ ಧನ್ಯವಾದಕ್ಕೂ ಅದೇ ಮಾತು. ಆಮೇಲೆ ತಿನ್ನುತ್ತೀನಿ ಅಂತ ಕರ್ಚೀಫಿನಲ್ಲಿ ಕಟ್ಟಿಕೋ. ತಿನ್ನಲೇಬೇಕು ಅನ್ನಿಸಿದರೆ ಊಟವಾದ ಮೇಲೆ, ಕೂತುಕೊಂಡು, ಕಾಲುಭಾಗದ ಚೂರು, ಸುಣ್ಣ ಒರೆಸಿಹಾಕಿ. ಮೊದಲ ರಸ ಉಗುಳು, ನುಂಗಬೇಡ. ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ. ಗುವಾಹಟಿಯಿಂದ ಶಿಲ್ಲಾಂಗಿಗೆ ನೂರು ಕಿಲೋಮೀಟರ್ ಬರೀ ತಿರುವು, ಶೇರ್ ಸುಮೋದಲ್ಲಿ ಪಕ್ಕದವರು ಕೊಟ್ಟರೂ ಬೇಡ. ಸೊಕ್ಕಿತೋ, ತಕ್ಷಣ ಉಗುಳಿ ಬಾಯಿ ಮುಕ್ಕಳಿಸಿ ತಣ್ಣೀರು ಕುಡಿ. ಎದ್ದು ಓಡಾಡಬೇಡ, ಬೀಳೋದು ಆಗಲೇ. ರೂಢಿಯಂತೂ ಮಾಡಿಕೊಳ್ಳಲೇಬೇಡ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತೆ. ಅಡಿಕೆ ಮಾರಿ ನಿನ್ನ ಓದಿಸಿದವಳು ಈ ಮಾತು ಬರೀಬೇಕಾಯಿತು ನೋಡು.

ಊಟದ್ದು ಬೇಗ ಹೇಳಿಬಿಡ್ತೀನಿ. ಮಾಂಸ ಬೇಡ ಅಂದರೆ ಸಾಲದು. ಮೀನೂ ಬೇಡ, ಹಂದಿ ಕೊಬ್ಬೂ ಬೇಡ ಅಂತ ಬಿಡಿಸಿ ಹೇಳು. ಸೊಪ್ಪಿನ ಪಲ್ಯಕ್ಕೂ ಒಣಮೀನು ಬಿದ್ದಿರಬಹುದು. ಹಿಂದಿನ ದಿನವೇ ಹೇಳು. ಬಡಿಸಿದ ಮೇಲೆ ತಟ್ಟೆ ಸರಿಸಿದರೆ ಮಾಡಿದವಳಿಗೆ ಹೇಗಾಗುತ್ತೆ, ನಮ್ಮ ಮನೆಯಲ್ಲೇ ಯೋಚಿಸು. ಹೋಂಸ್ಟೇ ಆದರೆ ಬಾಡಿಗೆ ಲೆಕ್ಕಕ್ಕೆ ಕೊಡು. ಪ್ರೀತಿಯಿಂದ ಕರೆದವರ ಕೈಗೆ ದುಡ್ಡು ತುರುಕಬೇಡ, ಹೋದ ಕೂಡಲೇ ಏನಾದರೂ ಕೊಡು.

ಡಿಸೆಂಬರಿನಲ್ಲಿ ನಾಗಾಲ್ಯಾಂಡಿನ ಕೊಹಿಮಾದಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತೆ. ನಾಗಾ ಜನರ ಹಾರ್ನ್‌ಬಿಲ್ ಉತ್ಸವ ನಡೆಯುವ ಕಿಸಾಮಾ ಅಲ್ಲಿಂದ ಹನ್ನೆರಡು ಕಿಲೋಮೀಟರ್, ವಾಪಸ್ ಬರೋ ಗಾಡಿಯನ್ನು ಬೆಳಿಗ್ಗೆಯೇ ಗೊತ್ತುಮಾಡಿಕೋ. ಭಾನುವಾರ ಎಲ್ಲರೂ ಚರ್ಚಿಗೆ ಹೋಗಿರ್ತಾರೆ, ಅಂಗಡಿ ಬಾಗಿಲು ಹಾಕಿರುತ್ತೆ, ಬೇಕಾದ್ದು ಶನಿವಾರವೇ ತಗೋ.

ಬಸ್ಸಿಗೆ ಹಾಕಿದ ಡಬ್ಬಿಯಲ್ಲಿ ಕಾಲು ಕಿಲೋದ ಕಾಫಿಪುಡಿ ಪೊಟ್ಟಣ ನಾಲ್ಕಿವೆ, ಮನೆಗೊಂದರಂತೆ ಕೊಡು. ಅಡಿಯಲ್ಲಿ ಅಪ್ಪನ ಹಳೇ ಕರ್ಚೀಫ್ ಎರಡು ಇಟ್ಟಿದೀನಿ. ಅಡಿಕೆ ಕಟ್ಟಿಕೊಳ್ಳೋಕೆ.

ಅಮ್ಮ