48 ಗಂಟೆ ಕಾದರೆ ಕನ್ನಡ ಚಿತ್ರಕ್ಕೆ ಉಳಿಯುವುದೇನು?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ತುಮಕೂರಿನ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ತರುಣನೊಬ್ಬ, ಮೂರು ದಿನಗಳ ಹಿಂದಷ್ಟೇ ತೆರೆಕಂಡಿದ್ದ ಕನ್ನಡ ಚಿತ್ರವನ್ನು ಟೆಲಿಗ್ರಾಂನಿಂದ ಇಳಿಸಿಕೊಂಡು ಫೋನಿನಲ್ಲಿ ನೋಡುತ್ತಿದ್ದ. ಚಿತ್ರಮಂದಿರದಲ್ಲಿ ಎದ್ದು ಓಡಾಡುವವರ ನೆರಳೂ ಅದರಲ್ಲಿ ಮೂಡಿತ್ತು. ಆ ಹುಡುಗನ ತಪ್ಪು ಸಣ್ಣದಲ್ಲ. ಆದರೆ ಶುಕ್ರವಾರ ಕದ್ದ ಸರಕು ಸೋಮವಾರವೂ ರಾಜಾರೋಷವಾಗಿ ಸಿಗುತ್ತಿತ್ತೆಂಬುದು ನನ್ನನ್ನು ಹೆಚ್ಚು ಕಾಡಿತು.

ಇದಕ್ಕೆ ಕಾನೂನು ಇಲ್ಲವೆನ್ನುವಂತಿಲ್ಲ. 2023ರಲ್ಲಿ ಸಂಸತ್ತು ಸಿನಿಮಾಟೋಗ್ರಾಫ್ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದೆ ಚಿತ್ರವನ್ನು ಸೆರೆಹಿಡಿಯುವವರಿಗೂ ಪ್ರದರ್ಶಿಸುವವರಿಗೂ ಕನಿಷ್ಠ 3 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ, ಜೊತೆಗೆ ಕನಿಷ್ಠ 3 ಲಕ್ಷ ರೂಪಾಯಿಯಿಂದ ಚಿತ್ರದ ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ ವಿಧಿಸಬಹುದು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ತನ್ನಲ್ಲಿಯೂ ಸೆನ್ಸಾರ್ ಮಂಡಳಿಯಲ್ಲಿಯೂ ಪೈರಸಿಯ, ಅಂದರೆ ಚಿತ್ರಗಳ ಕಳ್ಳನಕಲಿನ, ದೂರುಗಳನ್ನು ಸ್ವೀಕರಿಸುವ ನೋಡಲ್ ಅಧಿಕಾರಿಗಳನ್ನು ನೇಮಿಸಿತು. ಹಕ್ಕುದಾರರು ದೂರು ಕೊಟ್ಟರೆ 48 ಗಂಟೆಗಳೊಳಗೆ ಕ್ರಮವಾಗುವುದೆಂದು ಪ್ರಕಟಿಸಿತು.

ನನ್ನ ತಕರಾರು ಈ 48 ಗಂಟೆಗಳದ್ದೇ. ದೊಡ್ಡ ತಾರೆಯರಿಲ್ಲದ ಕನ್ನಡ ಚಿತ್ರದ ಹಣೆಬರಹ ತೀರ್ಮಾನವಾಗುವುದು ಶುಕ್ರವಾರದಿಂದ ಭಾನುವಾರದೊಳಗೆ. ಶುಕ್ರವಾರ ಸಂಜೆ ನಕಲು ಪತ್ತೆಯಾಗಿ, ನಿರ್ಮಾಪಕರು ರಾತ್ರಿಯೇ ದೂರು ಕೊಟ್ಟರೂ ಲಿಂಕ್ ಅಳಿಯುವಷ್ಟರಲ್ಲಿ ಭಾನುವಾರ ರಾತ್ರಿಯಾಗಬಹುದು. ಸೋಮವಾರ ಪ್ರದರ್ಶನಗಳು ಕಡಿತಗೊಂಡ ಮೇಲೆ ಅಳಿಸಿ ಪ್ರಯೋಜನವೇನು? ಅಷ್ಟರಲ್ಲಿ ಅದೇ ಕಡತ ಬೇರೊಂದು ಹೆಸರಿನ ತಾಣದಲ್ಲಿ ಪ್ರತ್ಯಕ್ಷವಾಗಿರುತ್ತದೆ. ಹೀಗೆ ವೇಷ ಬದಲಿಸುವ ತಾಣಗಳನ್ನು ಪ್ರತಿ ಬಾರಿಯೂ ಹೊಸ ದಾವೆ ಹೂಡದೆಯೇ ನಿರ್ಬಂಧಿಸಲು ಅನುವಾಗುವಂಥ ಆದೇಶವನ್ನು ದೆಹಲಿ ಹೈಕೋರ್ಟ್ 2019ರಲ್ಲೇ ನೀಡಿದೆ. ಆದರೆ ಸಾಲ ಮಾಡಿ ಚಿತ್ರ ತೆಗೆದ ಹೊಸಬರಿಗೆ ದೆಹಲಿಯ ವಕೀಲರ ಶುಲ್ಕ ಕೈಗೆಟುಕುವುದಿಲ್ಲ.

ಆದ್ದರಿಂದ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯು ಒಂದು ಕೆಲಸ ಮಾಡಬೇಕು. ಹಕ್ಕುದಾರರು ಅಧಿಕಾರ ಕೊಟ್ಟವರೂ ದೂರು ಸಲ್ಲಿಸಬಹುದಾದ್ದರಿಂದ, ಬಿಡುಗಡೆಗೆ ಮುನ್ನವೇ ಪ್ರತಿ ನಿರ್ಮಾಪಕರಿಂದ ಅಧಿಕಾರಪತ್ರ ಪಡೆದು, ಶುಕ್ರವಾರದಿಂದ ಭಾನುವಾರದವರೆಗೆ ನಕಲುಗಳನ್ನು ಹುಡುಕಿ ತಕ್ಷಣ ದೂರು ಕೊಡುವ ಸಣ್ಣ ತಂಡವೊಂದನ್ನು ಮಂಡಳಿಯೇ ಇಟ್ಟುಕೊಳ್ಳಲಿ. ಡಿಜಿಟಲ್ ಪ್ರದರ್ಶನದ ದೃಶ್ಯದಲ್ಲಿ ಕಣ್ಣಿಗೆ ಕಾಣದಂತೆ ಅಡಗಿರುವ ಗುರುತಿನಿಂದ (ವಾಟರ್‌ಮಾರ್ಕ್) ನಕಲು ಯಾವ ಚಿತ್ರಮಂದಿರದಲ್ಲಿ, ಯಾವ ಹೊತ್ತಿನಲ್ಲಿ ತಯಾರಾಯಿತೆಂದು ಪತ್ತೆಹಚ್ಚಬಹುದು. ಆ ವಿವರ ನಿರ್ಮಾಪಕರ ಕಪಾಟಿನಲ್ಲಿ ಉಳಿಯದೆ ಸೈಬರ್ ಠಾಣೆಗೆ ತಲುಪಬೇಕು.

ವಿಡಿಯೊ ಪೈರಸಿಗೆ ಗೂಂಡಾ ಕಾಯ್ದೆಯನ್ನೇ ಹೆಚ್ಚು ಬಳಸಬೇಕೆಂಬ ಮಾತನ್ನು ನಾನು ಒಪ್ಪಲಾರೆ. ನಮ್ಮ ರಾಜ್ಯದ ಆ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದ್ದರೂ, ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರ ಫೋನ್ ಹಿಡಿದ ಹುಡುಗರ ಮೇಲೆ ಬೀಳುವ ಸಂಭವವೇ ಹೆಚ್ಚು. ನಕಲು ತಾಣಗಳನ್ನು ನಡೆಸಿ ಜಾಹೀರಾತು, ಜೂಜಿನ ಆ್ಯಪ್‌ಗಳಿಂದ ಹಣ ಮಾಡುವವರು ದೂರದಲ್ಲಿ ಸುರಕ್ಷಿತವಾಗಿರುತ್ತಾರೆ.

ಸಲಹಾ ಸಂಸ್ಥೆಯಾದ ಇವೈ ಮತ್ತು ಭಾರತೀಯ ಇಂಟರ್ನೆಟ್ ಮತ್ತು ಮೊಬೈಲ್ ಸಂಘದ 2024ರ ವರದಿ, 2023ರಲ್ಲಿ ದೇಶದ ಪೈರಸಿ ವಹಿವಾಟು 22,400 ಕೋಟಿ ರೂಪಾಯಿ, ಅದರಲ್ಲಿ 13,700 ಕೋಟಿ ಚಿತ್ರಮಂದಿರಗಳ ಚಿತ್ರಗಳ ನಕಲಿನಿಂದ ಬಂದದ್ದು ಎಂದು ಅಂದಾಜಿಸಿದೆ. ಕನ್ನಡದ ಪಾಲು ಅದರಲ್ಲಿ ಎಷ್ಟೇ ಇರಲಿ, ನಮ್ಮ ಚಿಕ್ಕ ಮಾರುಕಟ್ಟೆಗೆ ಅದು ದೊಡ್ಡ ಪೆಟ್ಟು. 48 ಗಂಟೆಗಳ ಗಡುವನ್ನು ಬಿಡುಗಡೆಯ ಮೊದಲ ವಾರಾಂತ್ಯದ ಮಟ್ಟಿಗಾದರೂ 6 ಗಂಟೆಗೆ ಇಳಿಸುವಂತೆ ರಾಜ್ಯ ಸರ್ಕಾರವೂ ವಾಣಿಜ್ಯ ಮಂಡಳಿಯೂ ಜಂಟಿಯಾಗಿ ಸಚಿವಾಲಯಕ್ಕೆ ಪತ್ರ ಬರೆಯಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ, ತುಮಕೂರು