ಫ್ಲೋರೈಡ್ ಎಲ್ಲಿಂದ ಬರುತ್ತೆ ಅನ್ನೋದನ್ನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ಬಂತು ಅಂದ್ರೆ ಬಾಗೇಪಲ್ಲಿ, ಗುಡಿಬಂಡೆ, ಆ ಕಡೆ ಪಾವಗಡದ ಫ್ಲೋರೈಡ್ ನೀರಿನ ಸುದ್ದಿ ಪೇಪರಲ್ಲಿ ಬಂದೇ ಬರುತ್ತೆ, ಹಲ್ಲು ಕಂದು ಬಣ್ಣಕ್ಕೆ ತಿರುಗಿರೋ ಮಕ್ಕಳ ಫೋಟೋನೂ ಇರುತ್ತೆ, ಆದ್ರೆ ಈ ಫ್ಲೋರೈಡ್ ನೀರಿಗೆ ಹೆಂಗೆ ಸೇರ್ತು ಅಂತ ಒಂದು ಸಾಲೂ ಇರಲ್ಲ. ಹಿಂಗಾಗಿ ಜನ ತೋಚಿದ್ದು ಹೇಳ್ತಾರೆ, ಒಬ್ರು ಕ್ವಾರಿ ಧೂಳು ಅಂತಾರೆ, ಇನ್ನೊಬ್ರು ಯಾವುದೋ ಫ್ಯಾಕ್ಟರಿ ನೀರು ಅಂತಾರೆ. ನಮ್ಮ ಕಡೆ ಅದರ ಮುಖ್ಯ ಮೂಲ ನಮ್ಮ ಕಾಲ ಕೆಳಗಿರೋ ಬಂಡೇನೇ.

ನಂದಿ ಬೆಟ್ಟ, ಸ್ಕಂದಗಿರಿ, ಮಧುಗಿರಿ ಏಕಶಿಲೆ ಎಲ್ಲಾ ಗ್ರಾನೈಟ್ ಜಾತಿ ಕಲ್ಲು, ವಯಸ್ಸು ಸುಮಾರು 250 ಕೋಟಿ ವರ್ಷ. ನೋಡೋಕೆ ಅಲ್ಲಾಡದ ಕಲ್ಲು, ಆದ್ರೆ ನೀರು ಅದನ್ನ ನಿಧಾನಕ್ಕೆ ತಿಂತಾನೇ ಇರುತ್ತೆ. ಮಳೆ ನೀರು ಬೀಳುವಾಗ್ಲೇ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಕರಗಿಸ್ಕೊಂಡು ಚೂರು ಆಮ್ಲ ಆಗಿರುತ್ತೆ, ಮಣ್ಣಿಗೆ ಇಳಿದ ಮೇಲೆ ಬೇರುಗಳು, ಸೂಕ್ಷ್ಮಜೀವಿಗಳು ಬಿಡೋ ಕಾರ್ಬನ್ ಡೈಆಕ್ಸೈಡೂ ಸೇರಿ ಆ ಗುಣ ಇನ್ನೂ ಜಾಸ್ತಿ ಆಗುತ್ತೆ. ಈ ನೀರು ಕಲ್ಲಲ್ಲಿರೋ ಫೆಲ್ಡ್‌ಸ್ಪಾರ್ ಅನ್ನೋ ಖನಿಜವನ್ನ ಬಿಳಿ ಜೇಡಿಮಣ್ಣು ಮಾಡುತ್ತೆ, ಅದರಲ್ಲಿದ್ದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ನೀರಿನ ಜೊತೆ ಹೋಗುತ್ತೆ. ಕಲ್ಲಲ್ಲಿ ಕಪ್ಪಗೆ ಮಿಂಚೋ ಕರಿ ಅಭ್ರಕ ಅನ್ನೋ ಖನಿಜದೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದು ನಮ್ಮ ಕೆಂಪು ಮಣ್ಣಿನ ಬಣ್ಣ ಬರುತ್ತೆ. ಕ್ವಾರ್ಟ್ಜ್ ಅನ್ನೋ ಗಟ್ಟಿ ಖನಿಜ ಮಾತ್ರ ಹೆಚ್ಚೂಕಮ್ಮಿ ಹಂಗೇ ಉಳಿದು ಮರಳಾಗುತ್ತೆ.

ಯಾರಾದ್ರೂ ಮನೆ ಪಾಯ ತೆಗೀತಿದ್ರೆ ಗುಂಡಿಯೊಳಗೆ ಇಣುಕಿ ನೋಡಿ. ಗೋಡೆಯಲ್ಲಿ ಕಲ್ಲಿನ ಚುಕ್ಕೆ, ಗೆರೆ ಎಲ್ಲಾ ಹಂಗೇ ಕಾಣುತ್ತೆ, ಕೈಯಲ್ಲಿ ಹಿಸುಕಿದ್ರೆ ಪುಡಿ ಪುಡಿ, ಬೆರಳಿಗೆ ಬಿಳಿ ಹಿಟ್ಟು ಅಂಟುತ್ತೆ, ಮಧ್ಯೆ ಅಭ್ರಕದ ಚೂರು ಚಿನ್ನದ ಬಣ್ಣಕ್ಕೆ ಮಿಂಚುತ್ತೆ. ಅಲ್ಲಲ್ಲಿ ಈರುಳ್ಳಿ ಥರ ಪದರ ಬಿಟ್ಕೊಂಡಿರೋ ಗುಂಡು ಕಲ್ಲು ಸಿಗುತ್ತೆ, ಕಲ್ಲಿನ ಮೂಲೆಗೆ ಮೂರು ಕಡೆಯಿಂದ್ಲೂ ನೀರು ತಾಗೋದ್ರಿಂದ ಮೂಲೆ ಬೇಗ ಸವೆದು ಅದು ಗುಂಡಗಾಗಿರೋದು.

ಈಗ ಫ್ಲೋರೈಡ್ ವಿಷಯಕ್ಕೆ ಬರ್ತೀನಿ. ಕರಿ ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಈ ಖನಿಜಗಳಲ್ಲಿ ಫ್ಲೋರೈಡ್ ಇರುತ್ತೆ, ಕಲ್ಲು ಕರಗ್ತಾ ಅದೂ ನೀರಿಗೆ ಬಿಡುತ್ತೆ. ನೀರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ರೆ ಅದು ಫ್ಲೋರೈಡನ್ನ ಹಿಡಿದು ಕೆಳಗೆ ಕೂರಿಸುತ್ತೆ, ಆದ್ರೆ ಕಲ್ಲಿನ ಸಂದಿಯಲ್ಲಿ ತುಂಬಾ ಕಾಲ ನಿಂತ ನೀರಲ್ಲಿ ಸೋಡಿಯಂ, ಬೈಕಾರ್ಬನೇಟ್ ಜಾಸ್ತಿಯಾಗಿ ಕ್ಯಾಲ್ಸಿಯಂ ಕಮ್ಮಿಯಾಗುತ್ತೆ, ಆಗ ಫ್ಲೋರೈಡ್ ಕರಗ್ಕೊಂಡೇ ಉಳಿಯುತ್ತೆ. ಬೋರ್ ಕೊರೆಸಿದವರಿಗೆ ಗೊತ್ತು, ಹಿಂಗೆ ಕಲ್ಲು ಪುಡಿಯಾಗಿ ಆದ ಮೆತ್ತನೆ ಪದರ ಇರೋವರೆಗೆ ಮಾತ್ರ ಕೇಸಿಂಗ್ ಪೈಪ್ ಇಳಿಸ್ತಾರೆ, ಗಟ್ಟಿ ಬಂಡೆ ಸಿಕ್ಕಿದ ಮೇಲೆ ಬೂದು ಪುಡಿ ಹಾರೋಕೆ ಶುರು. ಹಿಂದೆ ಆ ಮೆತ್ತನೆ ಪದರದಲ್ಲೇ ನೀರಿತ್ತು, ತೆರೆದ ಬಾವಿ ಸಾಕಾಗ್ತಿತ್ತು, ವರ್ಷ ವರ್ಷ ಮಳೆ ನೀರು ಸೇರಿ ತಿಳಿಯಾಗ್ತಿತ್ತು. ಅದನ್ನ ಬತ್ತಿಸಿ ಈಗ ಸಾವಿರ ಅಡಿಗೂ ಕೆಳಗೆ, ಬಂಡೆ ಸಂದಿಯಲ್ಲಿ ಎಷ್ಟೋ ಕಾಲದಿಂದ ಕೂತಿರೋ ನೀರನ್ನ ಎಳೀತಿದೀವಿ.

ಇದು ಜನಕ್ಕೆ ಗೊತ್ತಾದ್ರೆ ಎಷ್ಟೋ ತಪ್ಪು ನಂಬಿಕೆ ಹೋಗುತ್ತೆ. ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದಿದ್ದರಲ್ಲಿ ಇನ್ನೂ ಗಟ್ಟಿಯಾಗುತ್ತೆ. ರುಚಿ, ಬಣ್ಣ, ವಾಸನೆಯಿಂದ ಕಂಡುಹಿಡಿಯೋಕೂ ಆಗಲ್ಲ. ನಮ್ಮ ಮನೆಗೆ ಬಂದ ಫಿಲ್ಟರ್ ಮೆಕ್ಯಾನಿಕ್ ಟಿಡಿಎಸ್ ಮೀಟರ್ ಅದ್ದಿ "ಸಾರ್, ನೀರು ಸೂಪರ್" ಅಂದುಬಿಟ್ಟ, ನನಗೆ ನಿಜವಾಗ್ಲೂ ಸಿಟ್ಟು ಬಂತು, ಆ ಮೀಟರ್ ಕರಗಿರೋ ಲವಣ ಒಟ್ಟು ಎಷ್ಟು ಅಂತ ಒಂದು ಅಂದಾಜು ಕೊಡುತ್ತೆ ಅಷ್ಟೇ, ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಾಗಲ್ಲ. ಕುಡಿಯೋ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲ ಅಂದ್ರೆ 1.5 ವರೆಗೆ. ಹಲ್ಲು ಇನ್ನೂ ಒಸಡಿನೊಳಗೆ ಬೆಳೀತಿರೋ ಚಿಕ್ಕ ಮಕ್ಕಳಿಗೇ ಮೊದಲು ಕಲೆ ಕೂರೋದು, ಆಮೇಲೆ ಅದು ಹೋಗಲ್ಲ, ವರ್ಷಗಟ್ಟಲೆ ಜಾಸ್ತಿ ಕುಡಿದವರಿಗೆ ಮೂಳೆ ಕೀಲು ಬಿಗಿಯಾಗುತ್ತೆ.

ಹಂಗಾಗಿ ನನ್ನ ವಿನಂತಿ ಇಷ್ಟು. ಪ್ರತಿ ಶುದ್ಧ ನೀರಿನ ಘಟಕದ ಗೋಡೆ ಮೇಲೆ ಫ್ಲೋರೈಡ್ ಎಷ್ಟಿದೆ, ಯಾವ ತಾರೀಖು ಟೆಸ್ಟ್ ಮಾಡಿದ್ದು ಅಂತ ಗ್ರಾಮ ಪಂಚಾಯ್ತಿಯವರು ಬರೆಸ್ಲಿ, ಬೋರ್ ನೀರಿಂದೂ ಬರೆಸ್ಲಿ, ಫಿಲ್ಟರ್ ಆಗಿ ಬಂದ ನೀರಿಂದೂ ಬರೆಸ್ಲಿ, ಯಾಕಂದ್ರೆ ಮಿಷನ್ ಒಳಗೆ ನೀರು ಸೋಸೋ ಪೊರೆ, ಅಂದ್ರೆ ಮೆಂಬ್ರೇನ್, ಹಳೇದಾದ್ರೆ ಮಿಷನ್ ಓಡ್ತಿದ್ರೂ ಕೆಲಸ ಮಾಡಲ್ಲ. ನೀವು ಬೇಸಿಗೆಗೆ ಒಂದ್ಸಲ, ಮಳೆಗಾಲ ಮುಗಿದ ಮೇಲೆ ಒಂದ್ಸಲ ತಾಲ್ಲೂಕುವಾರು ಆ ಅಂಕಿ ಹಾಕಿ. ಮಕ್ಕಳ ಹಲ್ಲಿನ ಫೋಟೋ ಹಾಕೋ ಜಾಗದಲ್ಲೇ ಹಾಕಿದ್ರೂ ಸಾಕು.

ಇಂತಿ,
ಒಬ್ಬ ಓದುಗ, ಬಾಗೇಪಲ್ಲಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ