ಬೀಟ್ ಕಲಿಯುವ ಮಕ್ಕಳಿಗೆ ನಮ್ಮ ಚಂಡೆ, ಗುಮಟೆಯ ಬಿಡಿ ಟ್ರ್ಯಾಕ್ ಬೇಕು

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ ಕಡೆ ಈಗ ಲ್ಯಾಪ್‌ಟಾಪಿನಲ್ಲೇ ಎಲೆಕ್ಟ್ರಾನಿಕ್ ಸಂಗೀತ ಮಾಡುವ ಹುಡುಗ ಹುಡುಗಿಯರು ಇದ್ದಾರೆ. ಅವರಿಗೆ ಕಲಿಸಿದ್ದು ಯೂಟ್ಯೂಬ್. ಮನೆಯಲ್ಲಿ ಇದನ್ನು ಹೊತ್ತು ಹಾಳು ಅಂತ ಬೈಯುವವರೇ ಜಾಸ್ತಿ. ನಾನು ಅದನ್ನು ಒಪ್ಪುವುದಿಲ್ಲ. ನಾನೂ ವಿಡಿಯೋ ನೋಡಿಯೇ ಮಿಕ್ಸಿಂಗ್, ಅಂದರೆ ಬೇರೆ ಬೇರೆ ದನಿಗಳನ್ನು ಹದವಾಗಿ ಬೆರೆಸುವುದು, ಕಲಿತವನು. ಈಗ ಯಕ್ಷಗಾನದ ರೆಕಾರ್ಡಿಂಗ್ ಮಿಕ್ಸ್ ಮಾಡಿಕೊಡುತ್ತೇನೆ, ರಾತ್ರಿ ಕೂತು ನನ್ನದೇ ಟ್ರ್ಯಾಕ್ ಮಾಡುತ್ತೇನೆ, ಕೇಳಿಕೊಂಡು ಬಂದ ಮಕ್ಕಳಿಗೆ ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ. ಆದರೆ ಈ ಕಲಿಕೆಯಲ್ಲಿ ಒಂದು ದೊಡ್ಡ ಕೊರತೆ ಇದೆ: ಕೈ ಪಳಗಿಸಿಕೊಳ್ಳಲು ನಮ್ಮ ವಾದ್ಯಗಳ ಬಿಡಿ ಟ್ರ್ಯಾಕ್, ಅಂದರೆ ಒಂದೊಂದು ವಾದ್ಯವೂ ಬೇರೆ ಬೇರೆ ಫೈಲಿನಲ್ಲಿ ಇರುವ ರೆಕಾರ್ಡಿಂಗ್, ಸಿಗುವುದಿಲ್ಲ. ಅದನ್ನು ತುಂಬುವುದು ನಮ್ಮ ಜಿಲ್ಲೆಯವರ ಕೈಯಲ್ಲೇ ಇದೆ ಅಂತ ಹೇಳಲು ಈ ಪತ್ರ.

ಮೊದಲು ವಿಡಿಯೋಗಳ ಉಪಕಾರ ಹೇಳಿಬಿಡುತ್ತೇನೆ. ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಬಿದ್ದ ಕ್ಷಣದಲ್ಲಿ ಬೇಸ್ ತಗ್ಗಿ ಮತ್ತೆ ಏಳುವ ಹಾಗೆ ಮಾಡುವುದು ಹೇಗೆ, ಸಿಂಥಸೈಜರಿನ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಒಂದು ಬೋಳು ದನಿಯನ್ನು ಫಿಲ್ಟರಿನಲ್ಲಿ ಹೇಗೆ ತಿದ್ದಬೇಕು, ಇಂಥದ್ದನ್ನು ಕಲಿಯಲು ಹಿಂದೆ ಬೆಂಗಳೂರಿನ ಯಾವುದಾದರೂ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಓಡಾಡಬೇಕಿತ್ತು. ಈಗ ಹತ್ತು ನಿಮಿಷದಲ್ಲಿ ಒಬ್ಬರು ಪುಕ್ಕಟೆ ತೋರಿಸುತ್ತಾರೆ. ಸಾಫ್ಟ್‌ವೇರಿಗೂ ದುಡ್ಡು ಸುರಿಯಬೇಕಾಗಿಲ್ಲ. ಎಲ್‌ಎಂಎಂಎಸ್ ಉಚಿತ, ರೀಪರ್ 60 ದಿನ ಪೂರ್ತಿ ಬಳಸಿ ನೋಡಬಹುದು, ಮೊಬೈಲಿಗೆ ಬ್ಯಾಂಡ್‌ಲ್ಯಾಬ್ ಇದೆ. ಹೀಗಿರುವಾಗ ಕ್ರ್ಯಾಕ್ ಮಾಡಿದ್ದನ್ನು ಹಾಕಿಕೊಂಡು ವೈರಸ್ ತರಿಸಿಕೊಳ್ಳಬೇಡಿ ಮಕ್ಕಳೇ.

ಕೊರತೆ ಇರುವುದು ಬೇರೆ ಕಡೆ. ವಿಡಿಯೋ ಮಾಡುವವರು ಅವರ ಮುಂದಿರುವ ದನಿಗೆ ಕೆಲಸ ಮಾಡುತ್ತಾರೆ. ಅದು ಸಾಮಾನ್ಯವಾಗಿ ಕಂಪ್ಯೂಟರಿನ ಕಿಕ್, ಇಲ್ಲವೇ ಚೆನ್ನಾಗಿ ಸಜ್ಜುಮಾಡಿದ ಸ್ಟುಡಿಯೋದಲ್ಲಿ ಹಿಡಿದ ಡ್ರಮ್ಸ್. ನೋಡುವ ಮಗು ಅವರು ಯಾಕೆ ಹಾಗೆ ಮಾಡಿದರು ಅನ್ನುವುದನ್ನು ಬಿಟ್ಟು ನಾಬ್ ಎಷ್ಟಕ್ಕೆ ತಿರುಗಿಸಿದರು ಅನ್ನುವುದನ್ನು ಬರೆದುಕೊಳ್ಳುತ್ತದೆ. ಆಮೇಲೆ ಅದೇ ಅಂಕಿಯನ್ನು ತಂದು ಚಂಡೆಗೆ ಹಾಕುತ್ತದೆ.

ಕಂಪ್ರೆಸರ್, ಅಂದರೆ ಜೋರು ಸದ್ದನ್ನು ತಗ್ಗಿಸಿ ಹಿಡಿಯುವ ಸಾಧನದ ವಿಷಯವನ್ನೇ ತೆಗೆದುಕೊಳ್ಳಿ. ಅಟ್ಯಾಕ್, ಅಂದರೆ ಅದು ಹಿಡಿಯಲು ತೆಗೆದುಕೊಳ್ಳುವ ಹೊತ್ತು, ಒಂದು ಮಿಲಿಸೆಕೆಂಡ್ ಇಟ್ಟರೆ ಚಂಡೆಯ ಪೆಟ್ಟಿನ ಮೊನೆಯೇ ಸತ್ತು ಹೋಗುತ್ತದೆ, ಯಾರೋ ರಟ್ಟಿನ ಡಬ್ಬಿ ಬಡಿದ ಹಾಗೆ ಕೇಳುತ್ತದೆ. 20, 30 ಮಿಲಿಸೆಕೆಂಡ್ ಬಿಟ್ಟು ನೋಡಿ, ಪೆಟ್ಟು ಮೊದಲು ದಾಟಿ ಬರುತ್ತದೆ, ಹಿಂದಿನ ಸದ್ದು ಮಾತ್ರ ಹಿಡಿತಕ್ಕೆ ಸಿಗುತ್ತದೆ. ರಿಲೀಸ್, ಅಂದರೆ ಹಿಡಿತ ಬಿಡಲು ತೆಗೆದುಕೊಳ್ಳುವ ಹೊತ್ತು, ಇನ್ನೂ ಮುಖ್ಯ. ಉರುಳಿಕೆಯಲ್ಲಿ (ಚಂಡೆಯನ್ನು ಒಂದೇ ಸಮನೆ ಬೇಗ ಬೇಗ ಬಡಿಯುವಾಗ) ಸೆಕೆಂಡಿಗೆ ಹತ್ತು ಪೆಟ್ಟು ಬಿತ್ತು ಅಂತಿಟ್ಟುಕೊಳ್ಳಿ, ಆಗ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇರುವುದು 100 ಮಿಲಿಸೆಕೆಂಡ್. ವಿಡಿಯೋದಲ್ಲಿ ನಿಧಾನದ ಕಿಕ್‌ಗೆ ಇಟ್ಟ 250 ಮಿಲಿಸೆಕೆಂಡ್ ಇಲ್ಲಿ ಹಾಕಿದರೆ ಕಂಪ್ರೆಸರ್ ಕೈ ಬಿಡುವುದೇ ಇಲ್ಲ, ಇಡೀ ಉರುಳಿಕೆ ಚಪ್ಪಟೆ.

ಹಾಗೇ ಇನ್ನೊಂದು ಮಾತು ಬಹಳ ವಿಡಿಯೋಗಳಲ್ಲಿ ಬರುತ್ತದೆ: ಕಿಕ್ ಮತ್ತು ಬೇಸ್ ಬಿಟ್ಟು ಉಳಿದೆಲ್ಲದರ ಕೆಳಗಿನ ಭಾಗ, ಅಂದರೆ ತಗ್ಗು ಸ್ಥಾಯಿಯ ಸದ್ದು, ಕತ್ತರಿಸಿ ಅಂತ. ಗಿಟಾರಿಗೆ ಸರಿ. ಗುಮಟೆಗೆ? ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದಿದ್ದು. ಆ ತೆರೆದ ಬಾಯಿಯನ್ನು ಎಡಗೈಯಲ್ಲಿ ಮುಚ್ಚಿ ತೆಗೆದು ಮಾಡಿದಾಗ ಬರುವ ಗುಂಕಾರ ಇರುವುದೇ ಕೆಳಗೆ. ಅದನ್ನು ಕತ್ತರಿಸಿದ ಮೇಲೆ ಉಳಿಯುವುದು ಬರೀ ಚರ್ಮದ ಟಪಟಪ. ಇನ್ನು ಆ ಮಗು ವಿಡಿಯೋ ನೋಡಿದ್ದು ಮೊಬೈಲ್ ಸ್ಪೀಕರಿನಲ್ಲಿ. ಅದರಲ್ಲಿ 60 ಹರ್ಟ್ಸಿನಂಥ ಕೆಳಗಿನ ಸದ್ದು ಬಹುತೇಕ ಕೇಳಿಸುವುದೇ ಇಲ್ಲ. ಏನು ಹೋಯಿತು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು ಹೇಳಿ. ಸಾಧಾರಣದ್ದಾದರೂ ಸರಿ, ವಯರಿನ ಒಂದು ಹೆಡ್‌ಫೋನ್ ಕೊಡಿಸಿ ಅಂತ ತಂದೆ ತಾಯಿಗಳನ್ನು ಕೇಳಿಕೊಳ್ಳುತ್ತೇನೆ.

ತಾಳದ ಕಥೆಯೂ ಇದೇ. ಏಬಲ್ಟನ್ ಅನ್ನುವ ಸಂಗೀತದ ಸಾಫ್ಟ್‌ವೇರ್ ತೆರೆದರೆ 120 ಬಿಪಿಎಂ (ನಿಮಿಷಕ್ಕೆ 120 ಬಡಿತ), ನಾಲ್ಕು ಎಣಿಕೆ ಸಿದ್ಧವಾಗಿ ಕೂತಿರುತ್ತದೆ. ನಮ್ಮ ತ್ರಿವುಡೆ ಏಳು, ಝಂಪೆ ಹತ್ತು. ಎಣಿಕೆಯನ್ನು ಏಳಕ್ಕೆ ಬದಲಿಸುವುದು ಒಂದು ಕ್ಲಿಕ್ಕಿನ ಕೆಲಸ, ಆದರೆ ಹಾಗೊಂದು ಆಯ್ಕೆ ಇದೆ ಅಂತ ಹೇಳುವವರು ಕಡಿಮೆ. ಮಕ್ಕಳು ಭಾಗವತರ ಪದ್ಯವನ್ನು ಎಳೆದು, ಕುಯ್ದು ನಾಲ್ಕಕ್ಕೆ ಕೂರಿಸುತ್ತಾರೆ. ಪದ್ಯ ಏರುತ್ತಾ ಹೋದಂತೆ ವೇಗವೂ ಏರುತ್ತದೆ ಅಲ್ವಾ, ಅದನ್ನೂ ಒಂದೇ ಬಿಪಿಎಂಗೆ ಕಟ್ಟಿಹಾಕುತ್ತಾರೆ. ಹಾಡನ್ನು ಸಾಫ್ಟ್‌ವೇರಿನ ಎಣಿಕೆಯ ಗೆರೆಗೆ ಕೂರಿಸುವ ಬದಲು ಗೆರೆಯನ್ನೇ ಹಾಡಿನ ಹಿಂದೆ ಹೋಗುವಂತೆ ಮಾಡಬಹುದು, ಅದಕ್ಕೆ ಟೆಂಪೋ ಮ್ಯಾಪ್ ಅನ್ನುವ ಸೌಲಭ್ಯವಿದೆ. ಆಟೋ-ಟ್ಯೂನ್ (ಹಾಡಿದ ಸ್ವರವನ್ನು ತಾನೇ ತಿದ್ದುವ ಸಾಫ್ಟ್‌ವೇರ್) ಬಗ್ಗೆ ಒಂದೇ ಮಾತು: ಅದರ ವೇಗ ಜಾಸ್ತಿ ಇಟ್ಟರೆ ಗಮಕ ಎಲ್ಲ ಮೆಟ್ಟಿಲು ಮೆಟ್ಟಿಲಾಗುತ್ತದೆ. ಭಾಗವತರ ದನಿಯ ಹತ್ತಿರ ದಯವಿಟ್ಟು ಒಯ್ಯಬೇಡಿ.

ವಿಡಿಯೋ ನೋಡುವ ಎಲ್ಲರಿಗೂ ಇನ್ನೊಂದು ಎಚ್ಚರಿಕೆ. ಪ್ಲಗಿನ್ (ದನಿ ತಿದ್ದಲು ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಹಾಕುವ ಮೊದಲು, ಹಾಕಿದ ಮೇಲೆ ಅಂತ ತೋರಿಸುವಾಗ ಹಾಕಿದ ಮೇಲಿನದ್ದು ಎಷ್ಟೋ ಸಲ ಸ್ವಲ್ಪ ಜೋರಾಗಿಯೇ ಇರುತ್ತದೆ. ಜೋರಾಗಿದ್ದದ್ದು ನಮ್ಮ ಕಿವಿಗೆ ಚೆಂದವಾಗಿ ಕೇಳುತ್ತದೆ, ಮನುಷ್ಯರ ಕಿವಿಯೇ ಹಾಗೆ. ಎರಡನ್ನೂ ಒಂದೇ ವಾಲ್ಯೂಮಿಗೆ ತಂದು ಹೋಲಿಸಿ, ಆಗ ಅರ್ಧದಷ್ಟು ಪ್ಲಗಿನ್‌ಗಳು ಬೇಡ ಅನ್ನಿಸುತ್ತವೆ. ಜೋರು ಮಾಡುವ ಹುಚ್ಚಿಗೂ ಅರ್ಥ ಇಲ್ಲ. ಸ್ಪಾಟಿಫೈ ಹಾಡುಗಳನ್ನೆಲ್ಲ ಸುಮಾರು -14 ಲಫ್ಸ್ (ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುತ್ತದೆ, ನೀವು ಹಿಂಡಿ ಹಿಂಡಿ ಜೋರು ಮಾಡಿದ್ದನ್ನು ಅದು ತಗ್ಗಿಸಿಬಿಡುತ್ತದೆ. ಹಿಂಡಿದ ಗಾಯ ಮಾತ್ರ ಉಳಿಯುತ್ತದೆ.

ಈಗ ಬೇಡಿಕೆಗೆ ಬರುತ್ತೇನೆ. ಮಿಕ್ಸಿಂಗ್ ಕಲಿಯಲು ವಿಡಿಯೋಗಿಂತ ಹೆಚ್ಚು ಬೇಕಾದದ್ದು ಬಿಡಿ ಟ್ರ್ಯಾಕ್. ಬ್ರಿಟನ್ನಿನ ಮೈಕ್ ಸೀನಿಯರ್ ಎಂಬವರು ಕಲಿಯುವವರಿಗೋಸ್ಕರ ನೂರಾರು ಹಾಡುಗಳ ಬಿಡಿ ಟ್ರ್ಯಾಕ್‌ಗಳನ್ನು ಉಚಿತವಾಗಿ ಇಟ್ಟಿದ್ದಾರೆ. ನಾನು ಕೈ ಪಳಗಿಸಿಕೊಂಡದ್ದು ಅವುಗಳ ಮೇಲೆಯೇ, ಅವರಿಗೆ ಋಣಿ. ಆದರೆ ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಹಿಮ್ಮೇಳದ್ದು ಅಂಥ ಒಂದು ಸೆಟ್ ಬೇಕು ಅಂತ ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ. ನಮ್ಮಲ್ಲಿ ಇರುವ ರೆಕಾರ್ಡಿಂಗ್ ಎಲ್ಲ ರಂಗಸ್ಥಳದ್ದು. ಭಾಗವತರ ಮೈಕಿನಲ್ಲಿ ಚಂಡೆಯೂ ಬಂದಿರುತ್ತದೆ, ಮದ್ದಳೆಯ ಮೈಕಿನಲ್ಲಿ ತಾಳವೂ ಬಂದಿರುತ್ತದೆ. ಅದನ್ನು ಬಿಡಿಸಿ ಕಲಿಯುವುದು ಆಗದ ಮಾತು.

ಹಾಗಾಗಿ ಕರ್ನಾಟಕ ಯಕ್ಷಗಾನ ಅಕಾಡೆಮಿ ಮತ್ತು ಜಾನಪದ ಅಕಾಡೆಮಿಯವರಲ್ಲಿ ನನ್ನ ಕೋರಿಕೆ ಇದು. ಭಾಗವತರ ದನಿ, ತಾಳ, ಮದ್ದಳೆ, ಚಂಡೆ, ಹಾರ್ಮೋನಿಯಂ ಶ್ರುತಿ, ಎಲ್ಲವನ್ನೂ ಬೇರೆ ಬೇರೆಯಾಗಿ, 24 ಬಿಟ್, 48 ಕಿಲೋಹರ್ಟ್ಸಿನ ಒಳ್ಳೆಯ ಗುಣಮಟ್ಟದಲ್ಲಿ, ಯಾವ ಎಫೆಕ್ಟೂ ಹಾಕದೆ ಹಿಡಿಸಿ ಎಲ್ಲರಿಗೂ ಬಿಟ್ಟುಕೊಡಿ. ಹತ್ತು ನಿಮಿಷದ ಪದ್ಯ, ಐದು ಟ್ರ್ಯಾಕ್ ಅಂದರೆ 450 ಎಂಬಿ ಆಸುಪಾಸು, ಯಾವ ಪೆನ್‌ಡ್ರೈವಿಗೂ ಭಾರ ಅಲ್ಲ. ಹಿಡಿಯುವುದು ಮಾತ್ರ ಸುಲಭ ಇಲ್ಲ. ಮದ್ದಳೆಯವರು ಭಾಗವತರ ಮುಖ, ಕೈ ನೋಡಿಯೇ ನುಡಿಸುವವರು, ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿದರೆ ಜೀವ ಹೋಗುತ್ತದೆ. ನಡುವೆ ಗಾಜಿನ ಗೋಡೆ ಇರುವ ಜಾಗ ಬೇಕು, ಎಲ್ಲರ ಕಿವಿಗೂ ಹೆಡ್‌ಫೋನ್ ಬೇಕು. ಅಂಥ ಸ್ಟುಡಿಯೋ ಇರುವವರನ್ನು ಕೇಳಿಕೊಳ್ಳಬೇಕು. ಕಾರವಾರದಲ್ಲಿ ಆಕಾಶವಾಣಿ ಕೇಂದ್ರವೇ ಇದೆ, ಅಲ್ಲಿಂದಲೇ ಕೇಳಲು ಶುರು ಮಾಡಬಹುದು.

ಹಾಲಕ್ಕಿ ಸಮುದಾಯದವರ ಗುಮಟೆ, ಸುಗ್ಗಿಯ ಹಾಡು, ಯಲ್ಲಾಪುರ ಹಳಿಯಾಳದ ಸಿದ್ದಿ ಸಮುದಾಯದವರ ಡಮಾಮಿ ವಾದ್ಯ ಕೂಡ ಸೇರಲಿ. ಆದರೆ ಅವರನ್ನು ಕೇಳಿ, ಅವರು ಒಪ್ಪಿದ್ದನ್ನು ಮಾತ್ರ, ದುಡ್ಡು ಕೊಟ್ಟು, ಹೆಸರು ಹಾಕಿ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಹೆಮ್ಮೆಪಟ್ಟಿತು. ಅದೇ ಜನರ ಹಾಡನ್ನು ಸುಮ್ನೆ ಮೊಬೈಲಿನಲ್ಲಿ ಹಿಡಿದು, ಕೆಳಗೆ ಒಂದು ಬೀಟ್ ಹಾಕಿ, ತನ್ನ ಹೆಸರಲ್ಲಿ ಬಿಡುವುದು ಕಳ್ಳತನ. ಕಲಿಯುವ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಇದೆಲ್ಲ ವಿದೇಶದವರದು, ನಮಗ್ಯಾಕೆ ಅನ್ನುವವರಿಗೆ ಒಂದು ವಿಷಯ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇಟ್ಟು ಎಲೆಕ್ಟ್ರಾನಿಕ್ ಸ್ಟುಡಿಯೋ ಮಾಡಿದ್ದರು. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ 808 (ಡ್ರಮ್) ಮತ್ತು 303 (ಬೇಸ್) ಯಂತ್ರಗಳ ಜೊತೆ ರಾಗಗಳನ್ನು ನುಡಿಸಿ ರೆಕಾರ್ಡ್ ತಂದಿದ್ದರು. ನಾವೇನೂ ಹೊಸದಾಗಿ ಕೇಳುತ್ತಿಲ್ಲ.

ಸಮಯದ ಬಗ್ಗೆಯೂ ಯೋಚಿಸಿದ್ದೇನೆ. ಮೇಳಗಳ ತಿರುಗಾಟ ಶುರುವಾದರೆ ಕಲಾವಿದರು ಸಿಗುವುದಿಲ್ಲ. ಜೋರು ಮಳೆಯಲ್ಲಿ ಥಂಡಿಗೆ ಮದ್ದಳೆಯ ಚರ್ಮ ಸಡಿಲವಾಗುತ್ತದೆ, ಹಂಚಿನ ಮೇಲಿನ ಸದ್ದು ಬೇರೆ. ಮಳೆ ಇಳಿದು, ಮೇಳಗಳು ಹೊರಡುವ ಮುಂಚಿನ ಅಕ್ಟೋಬರ್ ಒಳ್ಳೆಯದು. ಮೈಕ್ ಇಡುವುದರಿಂದ ಹಿಡಿದು ಫೈಲ್‌ಗಳಿಗೆ ಹೆಸರು ಹಾಕುವವರೆಗೆ ನಾನು ಸಂಬಳವಿಲ್ಲದೆ ಕೆಲಸ ಮಾಡಲು ತಯಾರಿದ್ದೇನೆ. ಆ ಟ್ರ್ಯಾಕ್‌ಗಳನ್ನು ಇಟ್ಟುಕೊಂಡು ಕನ್ನಡದಲ್ಲಿ ವಿಡಿಯೋ ಮಾಡಲು ಸಿದ್ಧ ಇರುವ ಇನ್ನೂ ಕೆಲವರು ನನಗೆ ಗೊತ್ತು. ಅಕಾಡೆಮಿಯವರು ಒಂದು ದಿನ ಗೊತ್ತು ಮಾಡಿದರೆ ಸಾಕು, ನಾವು ಬರುತ್ತೇವೆ.

ಇತಿ,
ನಿಮ್ಮ ಓದುಗ, ಶಿರಸಿ